ಹೊಸ ಟಿವಿ: ಕಂಪನಿ ಸೆಟ್ಟೋ, ಗಲ್ಲಿ ಸೆಟ್ಟೋ, ಹಳೇ ಟಿವಿಗೊಂದು ಸ್ಟಿಕ್ಕೋ?

ದೀಪಾವಳಿ ಆಫರ್ ಶುರುವಾಯಿತು ಅಂದರೆ ಡೊಂಬಿವಲಿ, ಠಾಣೆ, ಪಿಂಪ್ರಿ ಕಡೆಯ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಶೋರೂಮಿನಲ್ಲಿ ಕಂಪನಿ ಟಿವಿ ಇದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಅದೇ ಸೈಜಿನದು ಅರ್ಧ ರೇಟಿಗೆ ಸಿಗುತ್ತೆ. ಎರಡರ ಮೇಲೂ 4ಕೆ ಅಂತ ಬರೆದಿದೆ. ಜಾಸ್ತಿ ದುಡ್ಡು ಯಾಕೆ ಕೊಡಬೇಕು?" ಲ್ಯಾಮಿಂಗ್ಟನ್ ರೋಡ್ ಎಂದರೆ ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್. ಪುಣೆಯವರು ಅದರ ಬದಲು ಬುಧವಾರ ಪೇಟೆಯ ತಪಕೀರ್ ಗಲ್ಲಿ ಎನ್ನುತ್ತಾರೆ. ಉಳಿದದ್ದೆಲ್ಲ ಅದೇ.

ಉತ್ತರವನ್ನು ಎಲ್ಲರೂ ಪ್ಯಾನೆಲ್‌ನಲ್ಲಿ, ಸ್ಪೀಕರಿನಲ್ಲಿ, ವಾರಂಟಿಯಲ್ಲಿ ಹುಡುಕುತ್ತಾರೆ. ಹುಡುಕಲಿ. ಆದರೆ ಟಿವಿ ಮನೆಗೆ ಬಂದ ಮೇಲೆ ತಲೆನೋವು ಶುರುವಾಗುವುದು ಬೇರೆ ಕಡೆಯಿಂದ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಕಪ್ಪು ಪರದೆ. ಆ್ಯಪ್ ನೋಡಲೆಂದು ಟಿವಿಯ ಹಿಂದೆ ಚುಚ್ಚುವ ಪುಟ್ಟ ಸ್ಟಿಕ್ ಹಾಕಿದರೆ 'ಎಚ್‌ಡಿಸಿಪಿ ಎರರ್'. ನೆಟ್‌ಫ್ಲಿಕ್ಸ್ ತೆರೆಯುತ್ತದೆ, ಆದರೆ ಮುಖಗಳೆಲ್ಲ ಮಬ್ಬು. ಟಿವಿ ಕೆಟ್ಟಿಲ್ಲ. ತಮ್ಮ ಸಿನಿಮಾ, ಸೀರಿಯಲ್ ನಕಲಾಗದಿರಲಿ ಎಂದು ಅದರ ಮಾಲೀಕರು ಹಾಕಿಸಿದ ಬೀಗಕ್ಕೆ ಈ ಟಿವಿಯ ಬಳಿ ಸರಿಯಾದ ಕೀಲಿ ಇಲ್ಲ, ಅಷ್ಟೇ.

ಅಂಗಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಯಾಕೆಂದರೆ ಅಲ್ಲಿ ತೋರಿಸುವುದು ಪೆನ್‌ಡ್ರೈವಿನಲ್ಲಿರುವ ಜಲಪಾತ, ನವಿಲು, ಇಲ್ಲವೇ ಯೂಟ್ಯೂಬಿನ 4ಕೆ ವಿಡಿಯೊ. ಪೆನ್‌ಡ್ರೈವಿನ ಕ್ಲಿಪ್ಪಿಗೆ ಬೀಗವಿಲ್ಲ. ಯೂಟ್ಯೂಬಿನ ಮಾಮೂಲಿ ವಿಡಿಯೊಗೂ ಇಲ್ಲ. ಬೀಗವಿಲ್ಲದ ಚಿತ್ರವನ್ನು ಯಾವ ಟಿವಿಯೂ ಚೆನ್ನಾಗಿ ತೋರಿಸುತ್ತದೆ. "ನೆಟ್‌ಫ್ಲಿಕ್ಸ್ ಚಲೇಗಾ?" ಎಂದು ಕೇಳಿದರೆ "ಸಬ್ ಚಲ್ತಾ ಹೈ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಡೆಯುತ್ತದೆ, ನಿಜ. ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಬೀಗಗಳು ಎರಡು

ಮೊದಲನೆಯದು ವೈರಿನ ಬೀಗ. ಹೆಸರು ಎಚ್‌ಡಿಸಿಪಿ. ಇಂಟೆಲ್ ಕಂಪನಿ ರೂಪಿಸಿದ್ದು. ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಬ್ಲೂ-ರೇ ಪ್ಲೇಯರ್ ಹೀಗೆ ಎಚ್‌ಡಿಎಂಐ ವೈರಿನಲ್ಲಿ ಚಿತ್ರ ಕಳಿಸುವ ಸಾಧನಗಳು ಮೊದಲು ಟಿವಿಯ ಗುರುತು ಕೇಳುತ್ತವೆ. ನಮ್ಮ ಮುಂಬೈ ಸೊಸೈಟಿಯ ವಾಚ್‌ಮನ್ ಪಾರ್ಸೆಲ್ ಹುಡುಗನನ್ನು ಗೇಟಿನಲ್ಲೇ ನಿಲ್ಲಿಸಿ, ಇಂಟರ್‌ಕಾಮಿನಲ್ಲಿ ಮೇಲಿನವರನ್ನು ಕೇಳಿ ಬಿಡುತ್ತಾನಲ್ವಾ, ಹಾಗೆ. ಗುರುತು ತಾಳೆಯಾದರೆ ಚಿತ್ರ ಬರುತ್ತದೆ. ಆಗದಿದ್ದರೆ ಕಪ್ಪು ಪರದೆ, ಇಲ್ಲವೇ ಕಡಿಮೆ ದರ್ಜೆಯ ಚಿತ್ರ.

ಇದರಲ್ಲಿ ನಮಗೆ ಬೇಕಾದ ಆವೃತ್ತಿಗಳು ಎರಡೇ. 1.4 ಇದ್ದರೆ ಫುಲ್ ಎಚ್‌ಡಿವರೆಗೆ ಸಾಕು. 4ಕೆ ಸಿನಿಮಾ, ಸೀರೀಸ್‌ಗೆ 2.2 ಬೇಕು. 2018ರಲ್ಲಿ 2.3 ಬಂತು. ಅದು ಇದ್ದರೂ ಸರಿಯೇ. ಹಳೆಯ 1.x ಬೀಗದ ಮಾಸ್ಟರ್ ಕೀಲಿ 2010ರಲ್ಲಿ ಬಯಲಾಯಿತು. ಆದ್ದರಿಂದ 4ಕೆ ಬಂದಾಗ ಸಿನಿಮಾ ಕಂಪನಿಗಳು ಹಳೆಯದನ್ನು ನಂಬಲಿಲ್ಲ, ಹೊಸ ಬೀಗವೇ ಬೇಕೆಂದು ಕುಳಿತವು.

ಸಮಾಧಾನದ ವಿಷಯವೂ ಇದೆ. 2.2 ಇರುವ ಟಿವಿಗಳಲ್ಲಿ ಹಳೆಯ ಬೀಗದ ಕೀಲಿಯೂ ಇರುತ್ತದೆ. ಹಾಗಾಗಿ ಹೊಸ ಟಿವಿಗೆ ಹಳೆ ಬಾಕ್ಸ್ ಜೋಡಿಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ತೊಂದರೆ ಇರುವುದು ಹೊಸ 4ಕೆ ಬಾಕ್ಸನ್ನು ಹಳೆ ಟಿವಿಗೆ ಜೋಡಿಸಿದಾಗ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಎಚ್‌ಡಿಎಂಐ 2.0 ಎಂದು ಬರೆದಿದ್ದರೆ ಎಚ್‌ಡಿಸಿಪಿ 2.2 ಇದೆ ಎಂದಲ್ಲ. ಒಂದು ವೈರಿನಲ್ಲಿ ಎಷ್ಟು ಚಿತ್ರ ಹರಿಯಬಹುದು ಎಂಬ ಲೆಕ್ಕ, ಇನ್ನೊಂದು ಬೀಗದ ಲೆಕ್ಕ. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು.

ಎರಡನೆಯದು ಆ್ಯಪ್‌ನ ಬೀಗ. ಇದಕ್ಕೆ ವೈರಿನ ಸಂಬಂಧವಿಲ್ಲ. ಟಿವಿಯೊಳಗಿನ ಆ್ಯಪ್‌ನಲ್ಲೇ ನೋಡುವಾಗ ಇದು ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಮನೆತನದ ಟಿವಿಗಳಲ್ಲಿ ಗೂಗಲ್‌ನ ವೈಡ್‌ವೈನ್ ಇರುತ್ತದೆ. ಅದರಲ್ಲಿ ಎಲ್1 ಎಂದರೆ ಬೀಗ ತೆಗೆಯುವ ಕೆಲಸ ಚಿಪ್ಪಿನ ಸುರಕ್ಷಿತ ಭಾಗದೊಳಗೇ ನಡೆಯುತ್ತದೆ. ಎಲ್3 ಎಂದರೆ ಬರೀ ಸಾಫ್ಟ್‌ವೇರಿನಲ್ಲಿ. ಎಲ್3 ಟಿವಿಗೆ ದೊಡ್ಡ ಆ್ಯಪ್‌ಗಳು ಸಾಮಾನ್ಯವಾಗಿ 480ಪಿ, ಅಂದರೆ ಮೇಲಿಂದ ಕೆಳಗೆ 480 ಸಾಲು ಚುಕ್ಕಿಗಳ ಚಿತ್ರವನ್ನಷ್ಟೇ ಕೊಡುತ್ತವೆ. 43 ಇಂಚಿನ ಪರದೆಯಲ್ಲಿ 480ಪಿ ಎಂದರೆ ಹಳೆ ವಿಸಿಡಿ ನೆನಪಾದೀತು. ನೆಟ್‌ಫ್ಲಿಕ್ಸ್‌ನವರದು ಇನ್ನೂ ಒಂದು ಹೆಜ್ಜೆ ಮುಂದೆ. ಎಲ್1 ಇದ್ದರೂ ಸಾಲದು, ಆ ಮಾಡೆಲ್ಲನ್ನು ಅವರೇ ಪರೀಕ್ಷಿಸಿ ಒಪ್ಪಿರಬೇಕು. ಸ್ಯಾಮ್‌ಸಂಗ್‌ನ ಟೈಜೆನ್, ಎಲ್‌ಜಿಯ ವೆಬ್‌ಒಎಸ್ ಟಿವಿಗಳಲ್ಲಿ ಎಲ್1, ಎಲ್3 ಎಂದು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ವ್ಯವಸ್ಥೆಯೇ ಬೇರೆ. ಟಿವಿಯ ಸ್ವಂತ ಸ್ಟೋರಿನಲ್ಲಿ ನಿಮಗೆ ಬೇಕಾದ ಆ್ಯಪ್ ಇದೆಯಾ ಎಂದು ನೋಡಿದರೆ ಮುಗಿಯಿತು.

ಅಳೆಯುವುದು ಹೇಗೆ

ಟಿವಿ ನೋಡುವ ಮೊದಲು ನಿಮ್ಮ ಮನೆ ನೋಡಿ. ಚಿತ್ರ ಯಾವ ದಾರಿಯಲ್ಲಿ ಬರುತ್ತದೆ? ಬಾಕ್ಸಿನಿಂದಲೋ, ಟಿವಿಯ ಆ್ಯಪ್‌ನಿಂದಲೋ, ಸ್ಟಿಕ್ಕಿನಿಂದಲೋ, ಡಿಸ್ಕಿನಿಂದಲೋ? ದಾರಿಯಲ್ಲಿ ಹಳೆ ಹೋಮ್ ಥಿಯೇಟರ್, ಒಂದೇ ಬಾಕ್ಸಿನ ಚಿತ್ರವನ್ನು ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ಇತ್ಯಾದಿ ಇವೆಯಾ? ಇದ್ದರೆ ಅವೂ 2.2 ಅರಿತಿರಬೇಕು. ನಡುವೆ ಒಂದೇ ಒಂದು ಸಾಧನ ಹಳೆಯದಾದರೂ 4ಕೆ ಅಲ್ಲೇ ನಿಲ್ಲುತ್ತದೆ. ಆಮೇಲೆ ನಿಮ್ಮ ಪ್ಲಾನ್. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಪ್ರೀಮಿಯಂನಲ್ಲಿ ಮಾತ್ರ. ಸ್ಟ್ಯಾಂಡರ್ಡ್ ಎಂದರೆ 1080ಪಿ (ಫುಲ್ ಎಚ್‌ಡಿ), ಬೇಸಿಕ್ 720ಪಿ. 4ಕೆಗೆ 15 ಎಂಬಿಪಿಎಸ್ ವೇಗದ ಇಂಟರ್ನೆಟ್ ಇರಲಿ ಎಂದೂ ಅವರೇ ಹೇಳುತ್ತಾರೆ. ಬೇಸಿಕ್ ಪ್ಲಾನ್ ಇಟ್ಟುಕೊಂಡು 2.2 ಹುಡುಕುವುದು ಸುಮ್ನೆ ಕಾಲಹರಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುಂಬೈ-ಪುಣೆಯ ಹೆಚ್ಚಿನ ಕನ್ನಡದ ಮನೆಗಳಿಗೆ 2.2ಗಿಂತ ಎಲ್1 ಮುಖ್ಯ. ನಮ್ಮ ಸೀರಿಯಲ್ಲುಗಳು ಹೋಗಿ ಕುಳಿತಿರುವುದು ಆ್ಯಪ್‌ಗಳಲ್ಲಿ. ಜೀ ಕನ್ನಡ ಬೇಕೆಂದರೆ ಜೀ5. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಉದಯ ಬೇಕೆಂದರೆ ಸನ್ ನೆಕ್ಸ್ಟ್. ಇಲ್ಲಿನ ಕೇಬಲ್ ಪ್ಯಾಕಿನಲ್ಲಿ ಕನ್ನಡ ಚಾನೆಲ್ಲುಗಳನ್ನು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕಾದವರಿಗೆ ಆ್ಯಪೇ ಸುಲಭ.

ಕಂಪನಿಯ 4ಕೆ ಟಿವಿ

ದುಡ್ಡು ಜಾಸ್ತಿ, ತಲೆನೋವು ಕಡಿಮೆ. ಹೆಸರಿರುವ ಬ್ರ್ಯಾಂಡಿನ ಗೂಗಲ್ ಟಿವಿ, ಟೈಜೆನ್, ವೆಬ್‌ಒಎಸ್, ಫೈರ್ ಟಿವಿ ಸೆಟ್ಟುಗಳಲ್ಲಿ ಎರಡೂ ಬೀಗದ ಕೀಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಬೆಲೆಯ ಭಾರವೂ ಸ್ವಲ್ಪ ತಗ್ಗಿದೆ.

ಆದರೂ ಕಣ್ಣು ಮುಚ್ಚಿ ತರುವ ಹಾಗಿಲ್ಲ. ಹಿಂಬದಿಯಲ್ಲಿ ಮೂರು ಎಚ್‌ಡಿಎಂಐ ಪೋರ್ಟ್ ಇದ್ದರೆ ಮೂರಕ್ಕೂ 2.2 ಇದೆಯಾ ಎಂದು ಕೇಳಿ. ಹಳೆಯ ಕೆಲವು ಮಾಡೆಲ್‌ಗಳಲ್ಲಿ ಒಂದೇ ಪೋರ್ಟಿಗೆ ಕೊಟ್ಟಿದ್ದರು. ಶೋರೂಮಿನಲ್ಲಿ ಹಳೆ ಸ್ಟಾಕ್ ಡಿಸ್ಕೌಂಟಿಗೆ ಬಂದಾಗ ಇದನ್ನು ನೆನಪಿಡಿ. ಮಾರುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ಅವನ ಮೇಲೆ ಸಿಟ್ಟಾಗಬೇಡಿ, ಕಂಪನಿ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಮ್ಯಾನ್ಯುಯಲ್ ತೆರೆದು ನೋಡಿ.

ಇನ್ನೊಂದು, ಪೋರ್ಟಿನ ಸೆಟ್ಟಿಂಗ್. ಹಲವು ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ಕಾರ್ಖಾನೆಯಿಂದ ಬರುವಾಗ ಮಾಮೂಲಿ ಮಟ್ಟದಲ್ಲಿರುತ್ತದೆ. ಸೋನಿಯಲ್ಲಿ 'ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್' ಎಂಬುದನ್ನು ನಾವೇ ಆನ್ ಮಾಡಬೇಕು. ಇದರ ಉಲ್ಟಾ ಕೂಡ ನಿಜ. ಹಳೆ ಕೇಬಲ್ ಬಾಕ್ಸ್ ಹೊಸ ಟಿವಿಯಲ್ಲಿ ಕಪ್ಪಾದರೆ, ಆ ಪೋರ್ಟನ್ನು ಮಾಮೂಲಿ ಮಟ್ಟಕ್ಕೆ ಇಳಿಸಿ ನೋಡಿ. ಬಾಕ್ಸ್ ಬದಲಿಸಿ ಎಂದು ಕೇಬಲ್‌ನವನಿಗೆ ಫೋನ್ ಮಾಡುವ ಮೊದಲು ಇದನ್ನು ಮಾಡಿ.

ಹಳೆ ಹೋಮ್ ಥಿಯೇಟರ್ ಇರುವವರು ಬಾಕ್ಸಿನ ವೈರನ್ನು ಅದರ ಮೂಲಕ ಟಿವಿಗೆ ಒಯ್ಯುವ ಅಭ್ಯಾಸ ಬಿಡಿ. ಬಾಕ್ಸ್, ಸ್ಟಿಕ್ ಎಲ್ಲ ನೇರವಾಗಿ ಟಿವಿಗೆ ಹೋಗಲಿ. ಧ್ವನಿ ಮಾತ್ರ ಟಿವಿಯ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟಿನಿಂದಲೋ ಆಪ್ಟಿಕಲ್ ವೈರಿನಿಂದಲೋ ಹೊರಗೆ ಹೋಗಲಿ. ಆಗ ಹಳೆ ಆಂಪ್ಲಿಫೈಯರನ್ನು ಗುಜರಿಗೆ ಹಾಕಬೇಕಾಗಿಲ್ಲ.

ಗಲ್ಲಿಯ ಅಸೆಂಬಲ್ಡ್ ಸೆಟ್

ಬಿಡಿಭಾಗ ತಂದು ಜೋಡಿಸಿ ಮಾರುವ ಈ ಟಿವಿಯನ್ನು ಹೀಗಳೆಯುವವರು ಬಹಳ. ನಾನು ಅಷ್ಟು ಹೋಗುವುದಿಲ್ಲ. ಪ್ಯಾನೆಲ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಎಡವಟ್ಟು ಇರುವುದು ಸಾಫ್ಟ್‌ವೇರಿನಲ್ಲಿ. 'ಆಂಡ್ರಾಯ್ಡ್ ಟಿವಿ' ಎಂದು ಹೇಳಿದರೂ ಒಳಗಿರುವುದು ಟಿವಿಗಳಿಗೆಂದು ಗೂಗಲ್ ಒಪ್ಪಿ ಕೊಟ್ಟ ಆಂಡ್ರಾಯ್ಡ್ ಅಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಬಿಡಿ ಆಂಡ್ರಾಯ್ಡ್. ಅದರಲ್ಲಿ ಮೊಬೈಲಿನ ಆ್ಯಪ್‌ಗಳನ್ನು ತುರುಕಿರುತ್ತಾರೆ. ಗುರುತು ಹಿಡಿಯುವುದು ಸುಲಭ. ನೆಟ್‌ಫ್ಲಿಕ್ಸ್ ತೆರೆದಾಗ ರಿಮೋಟಿನಲ್ಲಿ ಬಾಣದ ಗುರುತು ಓಡಿಸಿ ಒತ್ತಬೇಕಾಗಿ ಬಂದರೆ ಅದು ಮೊಬೈಲ್ ಆ್ಯಪ್. ಅಲ್ಲಿ ಎಲ್1 ನಿರೀಕ್ಷಿಸಬೇಡಿ.

'4ಕೆ ಸಪೋರ್ಟ್' ಎಂಬ ಸ್ಟಿಕ್ಕರಿಗೂ ಮೋಸ ಹೋಗಬೇಡಿ. 4ಕೆ ವಿಡಿಯೊ ಹಾಕಿದರೆ ಓಡುತ್ತದೆ ಎಂಬುದಷ್ಟೇ ಅದರ ಅರ್ಥ. ಪರದೆಯ ಚುಕ್ಕಿಗಳ ಲೆಕ್ಕ ಕೇಳಿ. 1366 x 768 ಎಂದರೆ ಎಚ್‌ಡಿ ರೆಡಿ. 1920 x 1080 ಫುಲ್ ಎಚ್‌ಡಿ. 3840 x 2160 ಇದ್ದರೆ ಮಾತ್ರ 4ಕೆ. ಹಾಗೇ ಹಿಂದೆ ತಿರುಗಿಸಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಅದು ಬೀಗದ ವಿಷಯವಲ್ಲ, ವಿದ್ಯುತ್ ಸುರಕ್ಷತೆಯದು. ಆದರೆ ಅದೂ ಇಲ್ಲದ ಸೆಟ್ಟು ನನಗಂತೂ ಬೇಡ.

ಯಾರಿಗೆ ಇದು ಸರಿ? ಕೇಬಲ್ ಬಾಕ್ಸ್ ಮತ್ತು ಯೂಟ್ಯೂಬ್, ಇವೆರಡೇ ನೋಡುವ ಮನೆಗೆ. ಬಾಕ್ಸಿನ ಎಚ್‌ಡಿ ಚಾನೆಲ್ಲಿಗೆ 1.4 ಸಾಕು. ಅಡುಗೆಮನೆಗೆ, ಹೋಟೆಲಿನ ಗಲ್ಲಾ ಪಕ್ಕಕ್ಕೆ, ಅಜ್ಜಿಯ ಕೋಣೆಗೆ ಧಾರಾಳವಾಗಿ ಆದೀತು. ಮುಂದೆ ಆ್ಯಪ್ ಬೇಕೆನಿಸಿದರೆ ಒಂದು ಸ್ಟಿಕ್ ಹಾಕಿಕೊಳ್ಳಬಹುದು. ಒಂದೇ ಷರತ್ತು: ತೀರಾ ಅಗ್ಗದ ಬೋರ್ಡುಗಳಲ್ಲಿ ಎಚ್‌ಡಿಎಂಐ ಬೀಗವೂ ನೆಟ್ಟಗಿರುವುದಿಲ್ಲ. ಸ್ಟಿಕ್ ಹಾಕಿದ ಕೂಡಲೇ ಕಪ್ಪಾಗುವ ಸೆಟ್ಟುಗಳಿವೆ. ಅಂಗಡಿಯಲ್ಲೇ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಇರುವ ಟಿವಿ, ಹೊಸ ಸ್ಟಿಕ್

ಮನೆಯಲ್ಲಿ ಚೆನ್ನಾಗಿರುವ ಫುಲ್ ಎಚ್‌ಡಿ ಟಿವಿ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆಸರಿರುವ ಕಂಪನಿಯ ಸ್ಟಿಕ್ಕಿನಲ್ಲಿ ಆ್ಯಪ್‌ನ ಬೀಗದ ಕೀಲಿ ಅದರೊಳಗೇ ಇರುತ್ತದೆ. ಟಿವಿಯ ಕೆಲಸ ವೈರಿನ ಬೀಗವನ್ನು ತೆರೆಯುವುದಷ್ಟೇ. ಫುಲ್ ಎಚ್‌ಡಿಗೆ 1.4 ಸಾಕು, ಅದು ಹಳೆ ಟಿವಿಯಲ್ಲಿ ಇರುತ್ತದೆ. 4ಕೆ ಸ್ಟಿಕ್ಕನ್ನು 1.4 ಟಿವಿಗೆ ಹಾಕಿದರೂ ಅದು 1080ಪಿಗೆ ಇಳಿದು ನಡೆಯುತ್ತದೆ. ಮುಂದೆ ಟಿವಿ ಬದಲಿಸಿದಾಗ ಅದೇ ಸ್ಟಿಕ್ ಬಳಸಬಹುದು.

ಇಲ್ಲಿನ ಫ್ಲ್ಯಾಟುಗಳ ಹಾಲ್ ಎಷ್ಟು ದೊಡ್ಡದು ನಿಮಗೇ ಗೊತ್ತು. ಹಾಗಿದ್ದರೂ ಹತ್ತು ಅಡಿ ದೂರದಿಂದ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹೆಚ್ಚಿನವರ ಕಣ್ಣಿಗೆ ಕಾಣುವುದಿಲ್ಲ. 55 ಇಂಚಿನ ಮುಂದೆ ಆರು ಅಡಿಯಲ್ಲಿ ಕುಳಿತರೆ ಮಾತು ಬೇರೆ.

ಎಚ್‌ಡಿಎಂಐ ಪೋರ್ಟೇ ಇಲ್ಲದ ಡಬ್ಬಾ ಟಿವಿಗೆ ಕನ್ವರ್ಟರ್ ಹಾಕಿ ಸ್ಟಿಕ್ ಓಡಿಸುವ ಸಾಹಸ ಬೇಡ. ಓಡಿದರೆ ಅದೃಷ್ಟ. ಮಾರ್ಕೆಟ್ಟಿನಲ್ಲಿ "ಎಚ್‌ಡಿಸಿಪಿ ತೆಗೆಯುವ ಸ್ಪ್ಲಿಟರ್" ಎಂದೂ ಮಾರುತ್ತಾರೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ನಮ್ಮ ಕಾಪಿರೈಟ್ ಕಾಯ್ದೆಯ 65ಎ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. 2012ರ ತಿದ್ದುಪಡಿಯಲ್ಲಿ ಸೇರಿದ್ದು ಇದು.

ಸೆಕೆಂಡ್ ಹ್ಯಾಂಡ್, ಮಾನಿಟರ್, ಪ್ರೊಜೆಕ್ಟರ್

ಪುಣೆಯ ಹಿಂಜವಡಿ, ಖರಾಡಿ ಕಡೆ ಊರು ಬಿಡುವವರು ಟಿವಿ ಮಾರುತ್ತಲೇ ಇರುತ್ತಾರೆ. ಒಳ್ಳೆಯ ಸೆಟ್ ಸಿಗಬಹುದು. ಆದರೆ 2013, 2014ರ ಮೊದಲ ತಲೆಮಾರಿನ 4ಕೆ ಟಿವಿಗಳಿಂದ ದೂರವಿರಿ. ಅವುಗಳಲ್ಲಿ ಹಲವಕ್ಕೆ 2.2 ಇಲ್ಲ. ಬೀಗದ ಕೀಲಿ ಎಚ್‌ಡಿಎಂಐ ಚಿಪ್ಪಿನಲ್ಲಿ ಇರುವುದರಿಂದ ಅಪ್‌ಡೇಟ್ ಮಾಡಿ ಸರಿಪಡಿಸುತ್ತೇನೆ ಎಂದರೆ ಆಗುವುದಿಲ್ಲ. 4ಕೆ ಪರದೆಗೆ ದುಡ್ಡು ಕೊಟ್ಟು ಫುಲ್ ಎಚ್‌ಡಿ ನೋಡಬೇಕಾಗುತ್ತದೆ. ಹಳೆ ಸೆಟ್ಟಿನ ಆ್ಯಪ್‌ಗಳ ಆಯಸ್ಸೂ ಕಮ್ಮಿ. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೆಯ ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತೇಹೋಯಿತು.

ಪಿಜಿಯಲ್ಲಿರುವ ಹುಡುಗರಿಗೆ ಮಾನಿಟರ್ ಮತ್ತು ಸ್ಟಿಕ್ ಒಳ್ಳೆಯ ಜೋಡಿ. ಮಾನಿಟರಿನ ಎಚ್‌ಡಿಎಂಐ ಪೋರ್ಟಿಗೆ ಎಚ್‌ಡಿಸಿಪಿ ಇದೆಯಾ, ಸ್ಪೀಕರ್ ಇಲ್ಲದಿದ್ದರೆ ಧ್ವನಿಗೆ ಏನು ದಾರಿ, ಇವೆರಡು ನೋಡಿಕೊಳ್ಳಿ. ಅಗ್ಗದ ಪ್ರೊಜೆಕ್ಟರಿನ ಒಳಗಿನ ಆ್ಯಪ್‌ಗಳನ್ನು ಗಲ್ಲಿ ಟಿವಿಯ ಆ್ಯಪ್‌ಗಳಷ್ಟೇ ನಂಬಿ.

ಬಾಕ್ಸ್, ರೆಕಾರ್ಡಿಂಗ್, ಡಿಸ್ಕ್

ಮುಂಬೈಯಲ್ಲಿ 2012ರ ನವೆಂಬರ್ 1ರಿಂದ ಕೇಬಲ್‌ಗೆ ಬಾಕ್ಸ್ ಕಡ್ಡಾಯವಾಯಿತು. ಪುಣೆಗೆ ಬಂದದ್ದು 2013ರ ಎರಡನೇ ಹಂತದಲ್ಲಿ. ಆ ಕಾಲದ ಎಸ್‌ಡಿ ಬಾಕ್ಸನ್ನು ಮೂರು ಬಣ್ಣದ ಎವಿ ವೈರಿನಲ್ಲಿ ಇಂದಿಗೂ ಓಡಿಸುವವರಿದ್ದಾರೆ. ಆ ವೈರಿಗೆ ಎಚ್‌ಡಿಸಿಪಿ ಅನ್ವಯಿಸುವುದಿಲ್ಲ. ಆದರೆ ಹೊಸ ಟಿವಿಗಳಲ್ಲಿ ಆ ಮೂರು ತೂತುಗಳೇ ಮಾಯವಾಗುತ್ತಿವೆ. ಕೆಲವಕ್ಕೆ ಸಣ್ಣ ಪಿನ್ನಿನ ಅಡಾಪ್ಟರ್ ಬೇಕು. ಕೊಳ್ಳುವಾಗ ಕೇಳಿ.

ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟ ಕಾರ್ಯಕ್ರಮ ಆ ಬಾಕ್ಸಿಗೇ ಕಟ್ಟಿಬಿದ್ದಿರುತ್ತದೆ. ಟಿವಿ ಬದಲಿಸಿದರೆ ಅದಕ್ಕೆ ಏನೂ ಆಗದು. ಬಾಕ್ಸ್ ಬದಲಿಸಿದರೆ ಹೋಯಿತು. ಟಿವಿಯೇ ಪೆನ್‌ಡ್ರೈವಿಗೆ ರೆಕಾರ್ಡ್ ಮಾಡುವ ಸೌಲಭ್ಯ ಕೆಲವು ಸೆಟ್ಟುಗಳಲ್ಲಿದೆ. ಸಾಮಾನ್ಯವಾಗಿ ಆ ರೆಕಾರ್ಡಿಂಗ್ ಅದೇ ಟಿವಿಯಲ್ಲಿ ಮಾತ್ರ ತೆರೆಯುತ್ತದೆ. ಮಗಳ ಭರತನಾಟ್ಯ ಚಾನೆಲ್ಲಿನಲ್ಲಿ ಬಂದದ್ದನ್ನು ಹೀಗೆ ಇಟ್ಟುಕೊಂಡವರು ಹಳೆ ಟಿವಿಯನ್ನು ಎಕ್ಸ್‌ಚೇಂಜಿಗೆ ಕೊಡುವ ಮುನ್ನ ಯೋಚಿಸಿ.

ಗೋವಾದ ವಾಸ್ಕೊ, ಮಡಗಾಂವ್ ಕಡೆ ಡಿಡಿ ಫ್ರೀ ಡಿಶ್ ಹಾಕಿಸಿ ಚಂದನ ನೋಡುವ ಮನೆಗಳಿಗೆ ಒಂದು ಬೇರೆ ಮಾತು. ಟಿವಿಯೊಳಗೇ ಡಿಶ್ಶಿನ ಸಿಗ್ನಲ್ ನೇರವಾಗಿ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್ ಇದ್ದರೆ ಬೀಗವಿಲ್ಲದ ಚಾನೆಲ್ಲುಗಳು ಬಾಕ್ಸ್ ಇಲ್ಲದೆಯೂ ಬರುತ್ತವೆ. ದುಡ್ಡು ಕೊಟ್ಟು ನೋಡುವ ಡಿಟಿಎಚ್ ಚಾನೆಲ್ಲುಗಳು ಹಾಗೆ ಬರುವುದಿಲ್ಲ, ಅವುಗಳ ಕೀಲಿ ಕಂಪನಿಯ ಬಾಕ್ಸ್, ಕಾರ್ಡಿನಲ್ಲೇ ಇರುತ್ತದೆ.

ಹಡಗಿನಲ್ಲಿ ದುಡಿಯುವವರು, ಹೊರದೇಶದಿಂದ ಬಂದವರು ತಂದ ಡಿಸ್ಕ್ ಓಡದಿದ್ದರೆ ಟಿವಿಯನ್ನು ಬಯ್ಯಬೇಡಿ. ಅದು ಪ್ಲೇಯರಿನ ಬೀಗ. ಭಾರತ ಡಿವಿಡಿಗೆ 5ನೇ ವಲಯ, ಬ್ಲೂ-ರೇಗೆ ಸಿ ವಲಯ.

ಅಂಗಡಿಯಲ್ಲಿ ಮಾಡಬೇಕಾದ ಕೆಲಸ

ಸ್ಟಿಕ್ ಇದ್ದರೆ ಜೇಬಿನಲ್ಲಿಟ್ಟುಕೊಂಡು ಹೋಗಿ. ಕ್ರೋಮಾ, ವಿಜಯ್ ಸೇಲ್ಸ್‌ನಂಥ ದೊಡ್ಡ ಅಂಗಡಿಯೇ ಆಗಲಿ, ಗಲ್ಲಿಯದ್ದೇ ಆಗಲಿ, ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಒಂದೊಂದು ಪೋರ್ಟಿಗೂ ಸ್ಟಿಕ್ ಚುಚ್ಚಿ ನೋಡಿ. ಟಿವಿಯ ಸ್ವಂತ ನೆಟ್‌ಫ್ಲಿಕ್ಸ್ ತೆರೆದು ನಿಮ್ಮ ಅಕೌಂಟಿನಲ್ಲಿ ಹೋಗಿ. ಪ್ರೀಮಿಯಂ ಪ್ಲಾನ್ ಇದ್ದು ಟಿವಿಯೂ ಸರಿ ಇದ್ದರೆ 4ಕೆ ಇರುವ ಶೀರ್ಷಿಕೆಗಳ ಪಕ್ಕ ಅಲ್ಟ್ರಾ ಎಚ್‌ಡಿ ಗುರುತು ಕಾಣುತ್ತದೆ. ಬರೀ ಎಚ್‌ಡಿ ಎಂದು ಬಂದರೆ ಅಥವಾ ಏನೂ ಬರದಿದ್ದರೆ ಕಾರಣ ಕೇಳಿ. ಆಂಡ್ರಾಯ್ಡ್ ಸೆಟ್ಟಾದರೆ 'ಡಿಆರ್‌ಎಂ ಇನ್ಫೊ' ಎಂಬ ಉಚಿತ ಆ್ಯಪ್ ಹಾಕಿದರೆ ಎಲ್1 ಅಥವಾ ಎಲ್3 ಎಂದು ನೇರವಾಗಿ ತೋರಿಸುತ್ತದೆ. ಹೊರಡುವಾಗ ಲಾಗ್‌ಔಟ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಇಡೀ ಅಂಗಡಿ ನಿಮ್ಮ ದುಡ್ಡಿನಲ್ಲಿ ಸಿನಿಮಾ ನೋಡೀತು.

"ಎಚ್‌ಡಿಸಿಪಿ 2.2 ಕೇಬಲ್" ಎಂದು ಸಾವಿರಾರು ರೂಪಾಯಿಯ ವೈರ್ ತೋರಿಸಿದರೆ ಬೇಡ ಎನ್ನಿ. ಮಾಮೂಲಿ ವೈರಿನಲ್ಲಿ ಬೀಗವೂ ಇಲ್ಲ, ಕೀಲಿಯೂ ಇಲ್ಲ. 18 ಜಿಬಿಪಿಎಸ್‌ನ 'ಪ್ರೀಮಿಯಂ ಹೈ ಸ್ಪೀಡ್' ಗುರುತಿರುವ ಗಿಡ್ಡ ವೈರ್ 4ಕೆಗೆ ಸಾಕು. ಉದ್ದ ಹೆಚ್ಚಿದಷ್ಟೂ ಸಿಗ್ನಲ್ ಕುಂದುತ್ತದೆ, ಚಿತ್ರ ಮಿನುಗಿ ಹೋಗುವುದು ಎಷ್ಟೋ ಸಲ ಅದರಿಂದಲೇ.

ಆನ್‌ಲೈನಿನಲ್ಲಿ ಕೊಳ್ಳುವವರು ವಾಪಸಿನ ನಿಯಮವನ್ನು ಮೊದಲೇ ಓದಿ. ಟಿವಿಗಳಿಗೆ ಬಹಳ ಕಡೆ ಬದಲಿ ಕೊಡುತ್ತಾರೆಯೇ ಹೊರತು ದುಡ್ಡು ವಾಪಸಿಲ್ಲ. ಬದಲಿಯಾಗಿ ಬರುವುದೂ ಅದೇ ಮಾಡೆಲ್, ಅದೇ ಬೀಗ. ಅಂಗಡಿಯಲ್ಲಾದರೆ ಬಿಲ್ಲಿನಲ್ಲಿ ಬರೀ '43 ಇಂಚು ಎಲ್‌ಇಡಿ' ಎಂದು ಗೀಚಲು ಬಿಡಬೇಡಿ. ಕೊನೆಯ ಅಕ್ಷರದವರೆಗೆ ಮಾಡೆಲ್ ನಂಬರ್ ಬರೆಸಿ, ನೆಟ್‌ಫ್ಲಿಕ್ಸ್ 4ಕೆ ನಡೆಯುತ್ತದೆ ಎಂದು ಅಂಗಡಿಯವನು ಹೇಳಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯಲು ಹಿಂಜರಿದರೆ ಪಕ್ಕದ ಅಂಗಡಿಗೆ ಹೋಗಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿಗಳಿಗೇನೂ ಬರವಿಲ್ಲ.